ಮೊದಲು ವಿಳಾಸ, ಆಮೇಲೆ ಬಣ್ಣ

ಬೋಧನಾಭ್ಯಾಸಕ್ಕೆ ನಾವು ನಾಲ್ವರು ಪ್ರಶಿಕ್ಷಣಾರ್ಥಿಗಳು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಶಾಲೆಗಳಲ್ಲಿದ್ದೆವು. ಮಕ್ಕಳು 50 ಪೈಸೆಯ ಅಂಚೆ ಕಾರ್ಡಿನಲ್ಲಿ ಊರಿನ ಚಿತ್ರ ಬರೆದು ಪರಸ್ಪರ ಕಳುಹಿಸಿದರು. ಗಣಿತ ಪಾಠಕ್ಕೆ ಸಿಕ್ಕಿದ್ದು ಪಿನ್‌ಕೋಡ್: 571438, 571434, 571426, 571432. ನಾಲ್ಕರಲ್ಲೂ 571 ಇರುವುದನ್ನು ಮಕ್ಕಳೇ ಗುರುತಿಸಿದರು. ಮೊದಲ ಮೂರಂಕಿ ವಿಂಗಡಣಾ ಜಿಲ್ಲೆಗೆ, ಉಳಿದ ಮೂರು ಅಂಚೆ ಕಚೇರಿಗೆ ಎಂದು ವಿವರಿಸಿದೆ.

ಒಬ್ಬ ಹುಡುಗಿ ಕಾವೇರಿಯನ್ನು ಬಲು ಚೆನ್ನಾಗಿ ಬರೆದಿದ್ದಳು. ಹೊಗಳಿದೆ, ವಿಳಾಸ ಓದಲಿಲ್ಲ. ಎಲ್ಲರಿಗೂ ಉತ್ತರ ಬಂತು, ಅವಳಿಗಿಲ್ಲ. "ನನ್ನ ಚಿತ್ರ ಚೆನ್ನಾಗಿರಲಿಲ್ವಾ ಸರ್?" ಎಂದಳು. ನೀಲಿ ಬಣ್ಣ ವಿಳಾಸದ ಮೇಲೂ ಹರಿದಿತ್ತೆಂದು ಗೆಳತಿ ಹೇಳಿದಳು. ತಪ್ಪು ನನ್ನದೆಂದು ತರಗತಿಯಲ್ಲೇ ಒಪ್ಪಿಕೊಂಡೆ.

ಮರುಪಾಠದಲ್ಲಿ ಕ್ರಮ ಬದಲಿಸಿದೆ: ವಿಳಾಸ, ಜೊತೆಗಾರರ ತಪಾಸಣೆ, ಕೊನೆಗೆ ಚಿತ್ರ. ಅವಳ ಎರಡನೆಯ ಕಾವೇರಿ ನಾಗಮಂಗಲ ತಲುಪಿತು.