ಊರಿನ ಗುಡ್ಡೆಯ ಫೋಟೊ, ಪರದೇಶದ ನೆನಪು: ಎಂಟನೇ ತರಗತಿಗೆ ಒಂದು ಸಮನ್ವಯ ಪಾಠ

ತರಗತಿ: 8
ವಿಷಯ: ಕನ್ನಡ (ಸಮಾಜ ವಿಜ್ಞಾನದೊಂದಿಗೆ ಸಮನ್ವಯ)
ಪಾಠಾಂಶ: ಸ್ಥಳ ವರ್ಣನೆ ಮತ್ತು ವಲಸೆಯ ನೆನಪು
ಅವಧಿ: 40 ನಿಮಿಷಗಳ ಎರಡು ಅವಧಿ

ಹಿನ್ನೆಲೆ

ಲಾಯಿಲ, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಇಲ್ಲಿನ ಮಕ್ಕಳಿಗೆ ವಲಸೆ ಎಂಬುದು ಬರೀ ಪಠ್ಯಪುಸ್ತಕದ ಪದವಲ್ಲ. ಈ ಭಾಗದಿಂದ ಹಿಂದೆ ದುಡಿಮೆಗೆ ಹೋಗುವವರ ದಾರಿ ಹೆಚ್ಚಾಗಿ ಮುಂಬೈಯದು. 1973ರ ನಂತರ ತೈಲದ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳಲ್ಲಿ ರಸ್ತೆ, ಬಂದರು, ಕಟ್ಟಡಗಳ ಕೆಲಸ ಹೆಚ್ಚಿದಾಗ ಆ ದಾರಿ ದುಬೈ, ಅಬುಧಾಬಿ, ಕುವೈತ್, ಮಸ್ಕತ್, ದೋಹಾಗಳ ತನಕ ಉದ್ದವಾಯಿತು. ಬಜ್ಪೆಯ ವಿಮಾನ ನಿಲ್ದಾಣ 1951ರಲ್ಲೇ ಆರಂಭವಾಗಿದ್ದರೂ ಅಲ್ಲಿಂದ ದುಬೈಗೆ ನೇರ ವಿಮಾನ ಹಾರಾಟ ಶುರುವಾದದ್ದು 2006ರಲ್ಲಿ. ಅದಕ್ಕೂ ಮುಂಚೆ ಹೋದವರಲ್ಲಿ ಹೆಚ್ಚಿನವರು ಬಸ್ಸಿನಲ್ಲಿ ಮುಂಬೈ ಸೇರಿ ಅಲ್ಲಿಂದ ವಿಮಾನ ಹತ್ತಿದವರು.

ಬಂದವರ ಕಥೆಯೂ ಇದೆ. ಕೇರಳದ ತಿರುವಾಂಕೂರು ಕಡೆಯಿಂದ ಕೃಷಿಕ ಕುಟುಂಬಗಳು ಬೆಳ್ತಂಗಡಿ ತಾಲೂಕಿಗೆ ಬಂದು, ಕಾಡಂಚಿನ ಗುಡ್ಡೆಗಳಲ್ಲಿ ರಬ್ಬರ್ ತೋಟ ಮಾಡಿ ನೆಲೆಸಿವೆ. ಅವರಿಗೆ ಇದು ಹೊಸ ನೆಲ, ಹೊಸ ಭಾಷೆ. ಹಾಗಾಗಿ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಮಕ್ಕಳಲ್ಲಿ ಒಬ್ಬನ ಅಪ್ಪ ಊರು ಬಿಟ್ಟು ಹೋದವರು, ಇನ್ನೊಬ್ಬಳ ಅಜ್ಜಿ ಈ ಊರಿಗೆ ಬಂದವರು ಆಗಿರಬಹುದು.

ಈ ನೆನಪುಗಳನ್ನು ತರಗತಿಗೆ ತರುವುದು ಹೇಗೆ ಎಂಬುದೇ ಪ್ರಶ್ನೆ. ನೇರವಾಗಿ ಕೇಳಿದರೆ ಮಗುವಿಗೆ ನೋವಾಗಬಹುದು. ಕೇಳದೇ ಬಿಟ್ಟರೆ ಪಾಠ ಬರೀ ವ್ಯಾಖ್ಯೆಯಾಗಿ ಉಳಿಯುತ್ತದೆ. ಊರಿನ ನೋಟದ ಒಂದು ಫೋಟೊ ಇವೆರಡರ ನಡುವಿನ ದಾರಿ. ಫೋಟೊದಲ್ಲಿರುವುದು ಗುಡ್ಡೆ, ಗದ್ದೆ, ಹೊಳೆ. ಅದರ ಬಗ್ಗೆ ಮಾತಾಡಲು ಯಾವ ಮಗುವಿಗೂ ಸಂಕೋಚವಿಲ್ಲ. ತನ್ನ ಮನೆಯ ವಿಷಯ ಹೇಳಬೇಕೋ ಬೇಡವೋ ಎಂಬುದನ್ನು ಮಗುವೇ ತೀರ್ಮಾನಿಸುತ್ತದೆ.

ಕಲಿಕೆಯ ಉದ್ದೇಶಗಳು

1. ಒಂದು ಭೂದೃಶ್ಯದ ಫೋಟೊವನ್ನು ಮುನ್ನೆಲೆ, ನಡುನೆಲೆ, ಹಿನ್ನೆಲೆ ಎಂದು ವಿಂಗಡಿಸಿ ವರ್ಣಿಸುವರು.
2. ಫೋಟೊದಲ್ಲಿ ಕಾಣುವುದಕ್ಕೂ ನೆನಪಿನಲ್ಲಿ ಉಳಿಯುವುದಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ಹೇಳುವರು.
3. ಎರಡು ಸ್ಥಳಗಳ ಮಳೆ, ರೇಖಾಂಶ ಮತ್ತು ಸಮಯವನ್ನು ಹೋಲಿಸುವರು.
4. ದೂರದಲ್ಲಿರುವ ಒಬ್ಬರಿಗೆ ಊರಿನ ನೋಟವನ್ನು ವಿವರಿಸುವ ಪತ್ರ ಬರೆಯುವರು.

ಸಾಮಗ್ರಿಗಳು: ಗಡಾಯಿಕಲ್ಲಿನ ಎರಡು ಫೋಟೊ (ಒಂದು ದೂರದಿಂದ, ಒಂದು ಹತ್ತಿರದಿಂದ), ಮರುಭೂಮಿಯ ಒಂದು ಫೋಟೊ, ಜಗತ್ತಿನ ನಕಾಶೆ, ರಟ್ಟಿನಲ್ಲಿ ಕತ್ತರಿಸಿದ ಆಯತಾಕಾರದ ಚೌಕಟ್ಟುಗಳು. ಮಕ್ಕಳು ಮೊಬೈಲ್ ತರಬೇಕಾಗಿಲ್ಲ.

ಮೊದಲ ಅವಧಿ: ನೋಡುವುದು

ಪ್ರೇರಣೆ: ದೂರದಿಂದ ತೆಗೆದ ಗಡಾಯಿಕಲ್ಲಿನ ಫೋಟೊವನ್ನು ತೋರಿಸಿ, ಒಂದು ನಿಮಿಷ ಯಾರೂ ಮಾತಾಡದೆ ನೋಡಲಿ. ನಂತರ ಕೇಳಿ: ‘ನಿಮಗೆ ಹತ್ತಿರ ಇರುವುದು ಏನು? ಅದರ ಹಿಂದೆ ಏನು? ಎಲ್ಲಕ್ಕಿಂತ ದೂರ ಯಾವುದು?’ ಮುನ್ನೆಲೆ, ನಡುನೆಲೆ, ಹಿನ್ನೆಲೆ ಎಂಬ ಪದಗಳನ್ನು ಉತ್ತರ ಬಂದ ಮೇಲೆ ಕಪ್ಪುಹಲಗೆಯಲ್ಲಿ ಬರೆಯಿರಿ, ಮೊದಲೇ ಬೇಡ. ಮಕ್ಕಳು ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಪದಗಳಲ್ಲಿ ಉತ್ತರಿಸಿದರೆ ಅವನ್ನೂ ಹಲಗೆಯ ಒಂದು ಬದಿಯಲ್ಲಿ ಬರೆಯಿರಿ. ಮನೆಯ ನೆನಪು ಮನೆಯ ಭಾಷೆಯಲ್ಲೇ ಮೊದಲು ಬರುತ್ತದೆ.

ಅನ್ವೇಷಣೆ: ಗುಡ್ಡೆ ಕಾಣುವ ಜಾಗಕ್ಕೆ, ಇಲ್ಲವಾದರೆ ಶಾಲೆಯ ಅಂಗಳಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ರಟ್ಟಿನ ಚೌಕಟ್ಟನ್ನು ಕಣ್ಣಿಗೆ ಹತ್ತಿರ ಹಿಡಿದಾಗ ಹೆಚ್ಚು ನೋಟ ಒಳಗೆ ಬರುತ್ತದೆ; ಕೈ ಚಾಚಿ ಹಿಡಿದಾಗ ಸ್ವಲ್ಪವೇ ಬರುತ್ತದೆ, ಆದರೆ ಚೌಕಟ್ಟನ್ನು ಅದೇ ತುಂಬುತ್ತದೆ. ಮೊಬೈಲ್ ಕ್ಯಾಮೆರಾದ ಮಸೂರ ವಿಶಾಲ ಕೋನದ್ದಾದ್ದರಿಂದ ಅದು ಮೊದಲನೆಯ ರೀತಿಯಲ್ಲಿ ನೋಡುತ್ತದೆ. ಕಣ್ಣಿಗೆ ಭಾರೀ ಎನಿಸಿದ ಬಂಡೆ ಫೋಟೊದಲ್ಲಿ ಸಣ್ಣದಾಗುವುದು ಇದರಿಂದಲೇ. ನೆನಪು ಎರಡನೆಯ ರೀತಿಯದು: ಬೇಕಾದ ಒಂದನ್ನು ದೊಡ್ಡದು ಮಾಡಿ, ಉಳಿದದ್ದನ್ನು ಬಿಟ್ಟುಬಿಡುತ್ತದೆ. ಈ ಹೋಲಿಕೆಯನ್ನು ನೀವು ಹೇಳಬೇಡಿ. ‘ಫೋಟೊದಲ್ಲಿ ಗುಡ್ಡೆ ಯಾಕೆ ಸಣ್ಣದಾಯಿತು? ಊರು ಬಿಟ್ಟವರ ಮನಸ್ಸಿನಲ್ಲಿ ಅದು ಸಣ್ಣದೋ ದೊಡ್ಡದೋ?’ ಎಂದು ಕೇಳಿ, ಕಾಯಿರಿ.

ವಿವರಣೆ: ಬಂಡೆಯ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಿದರೆ ಸಾಕು. ನರಸಿಂಹಗಡ ಎಂದು ಕರೆಯುತ್ತಿದ್ದ ಇಲ್ಲಿ ಟಿಪ್ಪು ಸುಲ್ತಾನ್ 1794ರಲ್ಲಿ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಕರೆದ. ಒಂದೇ ಕಲ್ಲಿಗೆ ಮೂರು ಹೆಸರು. ದೂರದಲ್ಲಿರುವವರು ಯಾವ ಹೆಸರಿನಿಂದ ನೆನೆಯುತ್ತಾರೆ ಎಂದು ಮನೆಯಲ್ಲಿ ಕೇಳಿ ಬರುವುದನ್ನು ಮನೆಗೆಲಸವಾಗಿ ಕೊಡಬಹುದು.

ಎರಡನೇ ಅವಧಿ: ಹೋಲಿಸುವುದು, ಬರೆಯುವುದು

ವಿಸ್ತರಣೆ: ಮರುಭೂಮಿಯ ಫೋಟೊ ತೋರಿಸಿ. ‘ಇಲ್ಲಿಗೆ ಮೊದಲ ಸಲ ಬಂದವರು ಏನನ್ನು ಹುಡುಕಿರಬಹುದು?’ ಹಸಿರು, ನೀರು, ಗುಡ್ಡೆ ಎಂಬ ಉತ್ತರಗಳು ಬರಬಹುದು. ಆಗ ಅಂಕಿಗಳನ್ನು ಕೊಡಿ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 4,000 ಮಿ.ಮೀ.; ದುಬೈಯಲ್ಲಿ 100 ಮಿ.ಮೀ. ಆಸುಪಾಸು. ಊರಿನಿಂದ ಫೋನ್ ಬಂದಾಗ ‘ಮಳೆ ಉಂಟಾ?’ ಎಂಬುದು ಯಾಕೆ ಮೊದಲ ಪ್ರಶ್ನೆಯಾಗುತ್ತದೆ ಎಂದು ಮಕ್ಕಳೇ ಹೇಳುತ್ತಾರೆ.

ಸಮಯದ ಲೆಕ್ಕ: ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು; ಯುಎಇಯದು 60 ಡಿಗ್ರಿಯದು. ವ್ಯತ್ಯಾಸ 22.5 ಡಿಗ್ರಿ. ಒಂದು ಡಿಗ್ರಿಗೆ 4 ನಿಮಿಷದಂತೆ 90 ನಿಮಿಷ. ಇಲ್ಲಿ ಸಂಜೆ 6 ಗಂಟೆಗೆ ದೀಪ ಹಚ್ಚುವಾಗ ಅಲ್ಲಿ 4.30, ಅನೇಕರಿಗೆ ಇನ್ನೂ ಕೆಲಸದ ಹೊತ್ತು. ಭೂಗೋಳದ ಈ ಲೆಕ್ಕ ಹಲವು ಮಕ್ಕಳ ಮನೆಯಲ್ಲಿ ದಿನಾ ನಡೆಯುವ ಲೆಕ್ಕ.

ಬದಲಾದ ನೋಟ: 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಕಡೆಯಲ್ಲಿ ನೆರೆ ಬಂದು, ಗುಡ್ಡೆ ಕುಸಿದು, ಗದ್ದೆ ತೋಟಗಳಲ್ಲಿ ಮರಳು ನಿಂತಿತು. ಪರದೇಶದಲ್ಲಿದ್ದವರು ಅದನ್ನು ಮೊಬೈಲ್ ಫೋಟೊಗಳಲ್ಲಿ ನೋಡಿದರು. ತಾವು ಬಿಟ್ಟು ಹೋದ ಜಾಗ ಹಾಗೇ ಇರುತ್ತದೆ ಎಂದು ನೆನಪು ನಂಬುತ್ತದೆ. ಜಾಗ ಬದಲಾಗಿದೆ ಎಂದು ಫೋಟೊ ತೋರಿಸುತ್ತದೆ. ‘ಹಳೆಯ ಫೋಟೊ ಸುಳ್ಳೇ?’ ಎಂಬ ಪ್ರಶ್ನೆಯ ಮೇಲೆ ಗುಂಪು ಚರ್ಚೆ ನಡೆಸಿ. ಒಂದೇ ಸರಿ ಉತ್ತರ ಬೇಕಾಗಿಲ್ಲ.

ಬರವಣಿಗೆ: ‘ಊರಿಗೆ ಬರಲಾಗದೆ ದೂರದಲ್ಲಿರುವ ಒಬ್ಬರಿಗೆ ಈ ಫೋಟೊದ ಜೊತೆ ಕಳಿಸಲು ಹತ್ತು ವಾಕ್ಯ ಬರೆಯಿರಿ. ಐದು ವಾಕ್ಯ ಫೋಟೊದಲ್ಲಿ ಕಾಣುವುದರ ಬಗ್ಗೆ. ಐದು ಕಾಣದಿರುವುದರ ಬಗ್ಗೆ: ವಾಸನೆ, ಸದ್ದು, ಗಾಳಿ, ಈ ವರ್ಷ ಆದ ಬದಲಾವಣೆ.’ ಆ ‘ಒಬ್ಬರು’ ಯಾರು ಎಂಬುದು ಮಗುವಿನ ಆಯ್ಕೆ. ಅಪ್ಪ, ಮಾಮ ಅಥವಾ ಕಲ್ಪನೆಯ ವ್ಯಕ್ತಿ, ಯಾರೂ ಆಗಬಹುದು.

ಎಚ್ಚರಿಕೆಗಳು

‘ಯಾರ ಮನೆಯಲ್ಲಿ ವಿದೇಶದಲ್ಲಿ ಇದ್ದಾರೆ? ಕೈ ಎತ್ತಿ’ ಎಂಬ ಪ್ರಶ್ನೆ ಬೇಡ. ಅದು ತರಗತಿಯನ್ನು ಎರಡು ಭಾಗ ಮಾಡುತ್ತದೆ. ಹೋದವರಲ್ಲಿ ಹಣ ಗಳಿಸಿದವರಿದ್ದಾರೆ, ಸಾಲ ಹೊತ್ತು ಮರಳಿದವರಿದ್ದಾರೆ, ವರ್ಷಗಟ್ಟಲೆ ಬರಲಾಗದವರೂ ಇದ್ದಾರೆ. ಎತ್ತಿದ ಕೈ ಯಾವುದನ್ನು ಹೇಳುತ್ತಿದೆ ಎಂದು ನಮಗೆ ಗೊತ್ತಾಗುವುದಿಲ್ಲ.

ವಿಮಾನದ ಚಿತ್ರದಿಂದ ಪಾಠ ಆರಂಭಿಸುವುದೂ ಬೇಡ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಇಳಿಯುವಾಗ ಸಂಭವಿಸಿದ ದುರಂತದಲ್ಲಿ 158 ಜನ ತೀರಿಕೊಂಡರು. ಈ ಭಾಗದ ಕೆಲವು ಮನೆಗಳಲ್ಲಿ ಅದು ಇನ್ನೂ ಹಳೆಯ ಸುದ್ದಿಯಾಗಿಲ್ಲ.

ಒಂದು ವಿಷಯವನ್ನು ಮಾತ್ರ ಮಕ್ಕಳಿಗೆ ಸ್ಪಷ್ಟವಾಗಿ ಹೇಳಬಹುದು. ಹತ್ತನೇ ತರಗತಿ ಪಾಸಾಗದವರು ಕೆಲಸಕ್ಕಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೋಗಬೇಕಾದರೆ ಸಾಮಾನ್ಯವಾಗಿ 1983ರ ವಲಸೆ ಕಾಯ್ದೆಯಂತೆ ಸರ್ಕಾರದ ಅನುಮತಿ ಪಡೆಯಬೇಕು. ಮೋಸ ಹೋಗದಂತೆ ಕಾಯಲು ಇರುವ ವ್ಯವಸ್ಥೆ ಇದು. ಊರು ಬಿಡುವುದು, ಬಿಡದಿರುವುದು ಅವರವರ ಇಷ್ಟ. ತಿಳಿದು ಹೋಗುವುದು ಮುಖ್ಯ.

ಮೌಲ್ಯಮಾಪನ

ಅಂಕಗಳನ್ನು ನೋಟದ ಕ್ರಮ, ಪದಗಳ ನಿಖರತೆ, ಹೋಲಿಕೆಯ ಸ್ಪಷ್ಟತೆಗೆ ಕೊಡಿ; ನೆನಪಿಗೆ ಅಂಕ ಕೊಡಬೇಡಿ. ಮನ ಕಲಕುವ ಮನೆಯ ಕಥೆ ಬರೆದ ಮಗುವಿಗೆ ಹೆಚ್ಚು, ಬರೆಯದ ಮಗುವಿಗೆ ಕಡಿಮೆ ಎಂದಾದರೆ ಮುಂದಿನ ಸಲ ಮಕ್ಕಳು ಕಣ್ಣೀರನ್ನು ಕಟ್ಟಿ ಬರೆಯುತ್ತಾರೆ. ಯಾವ ಬರಹವನ್ನೂ ಮಗುವಿನ ಒಪ್ಪಿಗೆ ಇಲ್ಲದೆ ಗಟ್ಟಿಯಾಗಿ ಓದಿಸಬಾರದು.

ಅವಲೋಕಕರು ಹಿಮ್ಮಾಹಿತಿ ನೀಡುವಾಗ ಗಮನಿಸಬೇಕಾದವು:

1. ಪ್ರಶ್ನೆ ಕೇಳಿದ ಮೇಲೆ ಪ್ರಶಿಕ್ಷಣಾರ್ಥಿ ಎಷ್ಟು ಹೊತ್ತು ಕಾದರು?
2. ಮನೆಭಾಷೆಯ ಪದಗಳಿಗೆ ಹಲಗೆಯಲ್ಲಿ ಜಾಗ ಸಿಕ್ಕಿತೇ?
3. ತನ್ನ ಮನೆಯ ಬಗ್ಗೆ ಏನನ್ನೂ ಹೇಳದೆ ಉಳಿದ ಮಗುವಿಗೂ ಈ ಪಾಠದಲ್ಲಿ ಮಾಡಲು ಪೂರ್ಣ ಕೆಲಸ ಇತ್ತೇ?

ಮೂರನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದರೆ ಈ ಪಾಠ ಯಶಸ್ವಿ ಎಂದು ತಿಳಿಯಬಹುದು.