ನಿಯಮ ಮೀರಿದವರೆಲ್ಲಾ ಅಪರಾಧಿಗಳಾ?

ಮತ್ತಾಯ 12ನೇ ಅಧ್ಯಾಯ ತೆಗೀರಿ, ಮೊದಲ ಎಂಟು ವಚನ. ಹಸಿದ ಶಿಷ್ಯರು ಹೊಲದಲ್ಲಿ ತೆನೆ ಕಿತ್ತು ತಿಂದರು. ಫರಿಸಾಯರು ತಪ್ಪು ಹಿಡಿದರು. ಕಳ್ಳತನ ಅಂತ ಅಲ್ಲ, ಗಮನಿಸಿ. ಪಕ್ಕದವನ ಹೊಲದಲ್ಲಿ ಕೈಯಿಂದ ತೆನೆ ಕೀಳಬಹುದು, ಕುಡುಗೋಲು ಹಾಕಬಾರದು ಅಂತ ಧರ್ಮೋಪದೇಶಕಾಂಡ 23:25ರಲ್ಲೇ ಇದೆ. ತಕರಾರು ಸಬ್ಬತ್ ದಿನದ್ದು. ಅದಕ್ಕೆ ಯೇಸು ಸ್ವಾಮಿ, ಯಾಜಕರಿಗೆ ಮೀಸಲಾದ ರೊಟ್ಟಿಯನ್ನು ಹಸಿದ ದಾವೀದ ತಿಂದದ್ದನ್ನು ನೆನಪಿಸಿದರು. ನಿಯಮ ಮೀರಿದ್ದು ಹೌದು. ಆದರೆ ಅಪರಾಧಿ ಅನ್ನುವ ಪಟ್ಟ ಕಟ್ಟಲಿಲ್ಲ.

ನಮ್ಮ ದೇಶದ ಕಾನೂನೂ ಇವೆರಡನ್ನು ಒಂದೇ ತಕ್ಕಡಿಗೆ ಹಾಕಲ್ಲ. ಬಾಡಿಗೆ ಕರಾರು ಮುರಿದರೆ ಅದು ಸಿವಿಲ್ ಕೋರ್ಟಿನ ವ್ಯಾಜ್ಯ. ಹೆಲ್ಮೆಟ್ ಇಲ್ಲದಿದ್ದರೆ ದಂಡ. 2023ರ ಜನ ವಿಶ್ವಾಸ ಕಾಯ್ದೆ 42 ಕಾಯ್ದೆಗಳನ್ನು ತಿದ್ದಿ, ಎಷ್ಟೋ ಸಣ್ಣ ತಪ್ಪುಗಳಿಗೆ ಇದ್ದ ಜೈಲು ಶಿಕ್ಷೆ ತೆಗೆದು ದಂಡ ಮಾತ್ರ ಉಳಿಸಿತು. ನಿನ್ನೆ ಅಪರಾಧ ಆಗಿದ್ದು ಇವತ್ತು ಅಲ್ಲ. ದೇವರ ಮುಂದೆ ಪಾಪ ಹಾಗೆ ಗೆಜೆಟ್ ನೋಡಿ ಬದಲಾಗುತ್ತಾ?

ನಿಮ್ಮಲ್ಲಿ ಹಲವರ ಮನೆ ಹುಣಸೂರು, ಪಿರಿಯಾಪಟ್ಟಣದ ಕಡೆ. ಬ್ಯಾರನ್ ಗೊತ್ತು. 1975ರ ತಂಬಾಕು ಮಂಡಳಿ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ವರ್ಜೀನಿಯಾ ತಂಬಾಕು ಬೆಳೆಯುವಂತಿಲ್ಲ. ಆದರೂ ಮಿತಿ ಮೀರಿದ ಸೊಪ್ಪನ್ನು ದಂಡ ಕಟ್ಟಿಸಿಕೊಂಡು ಹರಾಜಿಗೆ ಬಿಟ್ಟ ವರ್ಷಗಳಿವೆ. ಕಾರ್ಡ್ ಇಲ್ಲದ ಅಪ್ಪನನ್ನು ಕಳ್ಳ ಅನ್ನಬೇಡಿ. (ಕಾರ್ಡ್ ಇದ್ದ ಮಾತ್ರಕ್ಕೆ ತಂಬಾಕು ಒಳ್ಳೇದಾಯ್ತು ಅಂತಲೂ ನಾನು ಹೇಳ್ತಿಲ್ಲ, ಅದು ಬೇರೆ ಪಾಠ.)

ಈಗ ಎಚ್.ಡಿ.ಕೋಟೆ ಕಡೆ ಬನ್ನಿ. ನಾಗರಹೊಳೆ ಕಾಡಿನಲ್ಲಿ ತಲೆಮಾರುಗಳಿಂದ ಜೇನು ಇಳಿಸಿದವರು ಜೇನು ಕುರುಬರು, ಹೆಸರಲ್ಲೇ ಇದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ರಾಷ್ಟ್ರೀಯ ಉದ್ಯಾನದಿಂದ ಅನುಮತಿ ಇಲ್ಲದೆ ಏನೂ ತರುವಂತಿಲ್ಲ. ತಾತ ಮಾಡಿದ ಕೆಲಸವನ್ನೇ ಮೊಮ್ಮಗ ಮಾಡಿದರೆ ಕೇಸು. ಅವನು ಬದಲಾಗಿದ್ನಾ? ಇಲ್ಲ, ಗಡಿ ಅವನ ಹಟ್ಟಿ ಮೇಲೆ ಬಂದು ಕೂತಿತು. ಕೊನೆಗೆ 2006ರ ಅರಣ್ಯ ಹಕ್ಕು ಕಾಯ್ದೆ, ಕಾಡಿನ ಜನಕ್ಕೆ ಐತಿಹಾಸಿಕ ಅನ್ಯಾಯ ಆಗಿದೆ ಅಂತ ತನ್ನ ಪೀಠಿಕೆಯಲ್ಲೇ ಒಪ್ಪಿಕೊಂಡಿತು. ಕಿರು ಅರಣ್ಯ ಉತ್ಪನ್ನದ ಪಟ್ಟಿಯಲ್ಲಿ ಜೇನು, ಮೇಣ ಎರಡೂ ಇವೆ. ಹಕ್ಕು ಪರಿಶೀಲನೆ ಮುಗಿಯುವ ತನಕ ಒಕ್ಕಲೆಬ್ಬಿಸಬಾರದು ಅಂತಲೂ ಇದೆ. ಅಂದರೆ ಒಬ್ಬನನ್ನು ಕಳ್ಳ ಅಂದ ದೇಶದ ಪಾರ್ಲಿಮೆಂಟೇ, ಅನ್ಯಾಯ ಅವನಿಗೇ ಆಗಿತ್ತು ಅಂತ ಬರೆದುಕೊಟ್ಟಿತು. ಹಾಗಂತ ಹುಲಿ ಉಗುರು, ಜಿಂಕೆ ಮಾಂಸ ಮಾರೋರಿಗೆ ಇದು ನೆಪ ಆಗಲ್ಲ. ಆ ಕಾಯ್ದೆಯಲ್ಲೇ ಬೇಟೆಗೆ ಹಕ್ಕಿಲ್ಲ. ಕೈಯಿಂದ ಕಿತ್ತ ತೆನೆ ಬೇರೆ, ಕುಡುಗೋಲು ಬೇರೆ.

ಕೆ.ಆರ್.ನಗರದವರು ನಗಬೇಡಿ. ನಾಲೆಗೆ ರಾತ್ರಿ ಪಂಪ್ ಇಳಿಸೋದು 'ಎಲ್ಲರೂ ಮಾಡ್ತಾರಣ್ಣ' ಅನ್ನೋ ಸಣ್ಣ ವಿಷಯ. ಆದರೆ ಕೊನೆ ಭಾಗದ ರೈತನ ಭತ್ತ ಒಣಗುತ್ತೆ. ಅಲ್ಲಿ ಪೆಟ್ಟು ತಿಂದ ನೆರೆಯವನಿದ್ದಾನೆ, ಯಾರೂ ಹಿಡಿಯದಿದ್ದರೂ ಅದು ಕಳ್ಳತನವೇ.

ರೋಮಾಪುರದವರಿಗೆ 13 ಓದಿಕೊಂಡು ಬನ್ನಿ, ಮುಂದಿನ ವಾರ ಅಲ್ಲಿಂದ ಶುರು. ಈಗ ಹಕ್ಕುಪತ್ರಕ್ಕೆ ಅರ್ಜಿ ಕೊಟ್ಟು ಇನ್ನೂ ಕಾಯ್ತಿರುವ ಹಾಡಿಯ ಕುಟುಂಬಗಳಿಗಾಗಿ ಎದ್ದು ನಿಂತು ಪ್ರಾರ್ಥಿಸೋಣ.