ಪುಟವೊಂದರ ಬೆಲೆ

ಬೀದರ ಜಿಲ್ಲೆಯ ಬಸವಕಲ್ಯಾಣವು ಚರಿತ್ರೆಯಲ್ಲಿಯೂ ಸಾಹಿತ್ಯದಲ್ಲಿಯೂ ಹೆಸರಾದ ಊರು. ಹನ್ನೆರಡನೆಯ ಶತಮಾನದಲ್ಲಿ ಶಿವಶರಣರು ಇಲ್ಲಿ ನುಡಿದ ವಚನಗಳು ತಾಳೆಯೋಲೆಗಳಲ್ಲಿ ಉಳಿದು ಬಂದವು. ಲೋಹದ ಕಂಟದಿಂದ ಓಲೆಯ ಮೇಲೆ ಅಕ್ಷರಗಳನ್ನು ಕೊರೆದು, ಅವುಗಳಿಗೆ ಕಾಡಿಗೆಯನ್ನು ತೀಡಿದರೆ ಬರಹವು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಮಸಿಗೆ ಹೆಚ್ಚು ಹಣ ಬೇಕಿರಲಿಲ್ಲ; ಬೇಕಾಗಿದ್ದುದು ಶ್ರಮ ಮತ್ತು ತಾಳ್ಮೆ. ಈ ವಚನಗಳನ್ನು ಸಂಗ್ರಹಿಸಿದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಮುಂದೆ ಸ್ವಂತ ಮುದ್ರಣಾಲಯವನ್ನು ತೆರೆಯಲು ಅವರು ತಮ್ಮ ಮನೆಯನ್ನೇ ಮಾರಬೇಕಾಯಿತು. ಅಚ್ಚಿನ ಕೆಲಸವು ಅಷ್ಟು ದುಬಾರಿಯಾಗಿದ್ದ ಕಾಲವದು.

ಇಂದು ಮೇಜಿನ ಒಂದು ಮೂಲೆಯಲ್ಲಿ ಇಡಬಹುದಾದ ಪುಟ್ಟ ಯಂತ್ರವು ಬಣ್ಣಬಣ್ಣದ ಪುಟಗಳನ್ನು ನಿಮಿಷಾರ್ಧದಲ್ಲಿ ಅಚ್ಚುಮಾಡಿ ಕೊಡುತ್ತದೆ. ಜನರು ಇದನ್ನು ಪ್ರಿಂಟರ್ ಎಂದು ಕರೆಯುತ್ತಾರೆ. ಆದರೆ ಇದರ ನಿಜವಾದ ಬೆಲೆ ಯಾವುದು? ಅಂಗಡಿಯಲ್ಲಿ ಬರೆದಿರುವ ಬೆಲೆಯೇ, ಅಥವಾ ಬೇರೆ ಏನಾದರೂ ಉಂಟೇ?

ಈ ಪ್ರಶ್ನೆಗೆ ಉತ್ತರ ಬೇಕಾದರೆ ಯಂತ್ರವು ಕೆಲಸ ಮಾಡುವ ಬಗೆಯನ್ನು ಮೊದಲು ಅರಿಯಬೇಕು. ಕಡಿಮೆ ಬೆಲೆಯ ಬಣ್ಣದ ಪ್ರಿಂಟರುಗಳಲ್ಲಿ ಹೆಚ್ಚಿನವು ಶಾಯಿಯನ್ನು ಕಾಗದದ ಮೇಲೆ ಸಿಂಪಡಿಸುವ ಬಗೆಯವು. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ, ಬೆಸುಗೆ ಹಾಕುವ ಬಿಸಿ ಉಪಕರಣವು ಶಾಯಿ ತುಂಬಿದ್ದ ಪಿಚಕಾರಿಯ ಸೂಜಿಗೆ ಆಕಸ್ಮಿಕವಾಗಿ ತಗುಲಿತು. ಕೂಡಲೇ ಸೂಜಿಯ ತುದಿಯಿಂದ ಶಾಯಿಯು ಚಿಮ್ಮಿತು. ಶಾಖದಿಂದ ಉಂಟಾಗುವ ಗುಳ್ಳೆಯು ಶಾಯಿಯನ್ನು ಹೊರದೂಡಬಲ್ಲದೆಂಬ ಈ ತತ್ತ್ವವೇ ಒಂದು ಬಗೆಯ ಪ್ರಿಂಟರಿಗೆ ಆಧಾರವಾಯಿತು. ಮತ್ತೊಂದು ಬಗೆಯಲ್ಲಿ ವಿದ್ಯುತ್ತಿಗೆ ಸ್ಪಂದಿಸುವ ಹರಳು ಬಾಗಿ ಶಾಯಿಯನ್ನು ತಳ್ಳುತ್ತದೆ. ಹೊರಬೀಳುವ ಹನಿಯ ಗಾತ್ರವು ಕೆಲವೇ ಪಿಕೋಲೀಟರ್. ಪಿಕೋಲೀಟರ್ ಎಂದರೆ ಒಂದು ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ.

ಯಂತ್ರದಲ್ಲಿ ಸಾಮಾನ್ಯವಾಗಿ ಇರುವುದು ನಾಲ್ಕು ಶಾಯಿಗಳು: ಹಸಿರುಮಿಶ್ರಿತ ನೀಲಿ, ಕೆನ್ನೇರಳೆ, ಹಳದಿ ಮತ್ತು ಕಪ್ಪು. ಮೊದಲ ಮೂರು ಬಣ್ಣಗಳ ಚುಕ್ಕೆಗಳು ಒತ್ತೊತ್ತಾಗಿ ಬಿದ್ದಾಗ ಕಣ್ಣಿಗೆ ನೂರಾರು ಬಣ್ಣಗಳ ಅನುಭವವಾಗುತ್ತದೆ. ಮೂರನ್ನೂ ಬೆರೆಸಿದರೂ ಅಚ್ಚ ಕಪ್ಪು ದೊರೆಯದ ಕಾರಣ ಕಪ್ಪು ಶಾಯಿಯನ್ನು ಬೇರೆಯಾಗಿ ಇಟ್ಟಿರುತ್ತಾರೆ.

ಈ ಶಾಯಿಯನ್ನು ತುಂಬಿಡುವ ವಿಧಾನದಲ್ಲಿಯೇ ಖರ್ಚಿನ ಗುಟ್ಟು ಅಡಗಿದೆ. ಕೆಲವು ಯಂತ್ರಗಳಲ್ಲಿ ಶಾಯಿಯು ಕಾರ್ಟ್ರಿಜ್ ಎಂಬ ಚಿಕ್ಕ ಪೆಟ್ಟಿಗೆಯಲ್ಲಿರುತ್ತದೆ. ಇಂತಹ ಯಂತ್ರದ ಬೆಲೆ ಕಡಿಮೆ. ಪೆಟ್ಟಿಗೆಯ ಬೆಲೆ ಹೆಚ್ಚು. ಮೂರು ಬಣ್ಣಗಳೂ ಒಂದೇ ಪೆಟ್ಟಿಗೆಯಲ್ಲಿದ್ದರೆ, ಒಂದು ಬಣ್ಣ ಮುಗಿದೊಡನೆ ಉಳಿದ ಎರಡು ಬಣ್ಣಗಳಿರುವಾಗಲೇ ಪೆಟ್ಟಿಗೆಯನ್ನು ಬದಲಿಸಬೇಕಾಗುತ್ತದೆ. ಇನ್ನೊಂದು ಬಗೆಯ ಯಂತ್ರದಲ್ಲಿ ಪ್ರತಿ ಬಣ್ಣಕ್ಕೂ ಪ್ರತ್ಯೇಕ ತೊಟ್ಟಿಯಿದ್ದು, ಬಾಟಲಿಯಿಂದ ಶಾಯಿಯನ್ನು ಸುರಿದು ತುಂಬಬಹುದು. ಎಪ್ಸನ್ ಸಂಸ್ಥೆಯು 2010ರಲ್ಲಿ ಇಂಡೋನೇಷ್ಯದಲ್ಲಿ ಇಂತಹ ಯಂತ್ರವನ್ನು ಮಾರಾಟಕ್ಕೆ ತಂದಿತು. ಬಳಿಕ ಇತರ ಸಂಸ್ಥೆಗಳೂ ಅದೇ ದಾರಿಯನ್ನು ಹಿಡಿದವು. ಇದರ ಬೆಲೆ ಹೆಚ್ಚು, ಶಾಯಿ ಅಗ್ಗ.

ಬಸವಕಲ್ಯಾಣದ ಬಸ್ ನಿಲ್ದಾಣದ ಬಳಿ ಒಬ್ಬ ಯುವಕನು ಸಾಲ ಮಾಡಿ ಅಂಗಡಿ ತೆರೆಯುತ್ತಿರುವನೆಂದು ಊಹಿಸಿಕೊಳ್ಳಬಹುದು. ಅರ್ಜಿ, ಆಮಂತ್ರಣ, ಭಾವಚಿತ್ರಗಳಿರುವ ಗುರುತಿನ ಚೀಟಿ ಮೊದಲಾದವುಗಳನ್ನು ದಿನಕ್ಕೆ 20 ಪುಟಗಳಂತೆ ಅವನು ಅಚ್ಚುಮಾಡಬೇಕಾಗಿದೆ. ಅವನ ಮುಂದೆ ಎರಡು ಯಂತ್ರಗಳಿವೆ. ಲೆಕ್ಕದ ಅನುಕೂಲಕ್ಕಾಗಿ ಕಾರ್ಟ್ರಿಜ್ ಯಂತ್ರದ ಬೆಲೆ 4,000 ರೂಪಾಯಿ, ತೊಟ್ಟಿಯ ಯಂತ್ರದ ಬೆಲೆ 13,000 ರೂಪಾಯಿ ಎಂದಿರಲಿ. ಮೊದಲನೆಯದಕ್ಕೆ 900 ರೂಪಾಯಿಯ ಶಾಯಿಯಿಂದ 180 ಪುಟಗಳು ಬರುತ್ತವೆ. ಅಂದರೆ ಪುಟಕ್ಕೆ 5 ರೂಪಾಯಿ. ಎರಡನೆಯದಕ್ಕೆ 2,000 ರೂಪಾಯಿಯ ಶಾಯಿಯಿಂದ 4,000 ಪುಟಗಳು ಬರುತ್ತವೆ. ಅಂದರೆ ಪುಟಕ್ಕೆ 50 ಪೈಸೆ. ಕಾಗದದ ಖರ್ಚು ಎರಡಕ್ಕೂ ಒಂದೇ.

ವರ್ಷದಲ್ಲಿ 300 ದಿನ ಅಂಗಡಿ ತೆರೆದರೆ 6,000 ಪುಟಗಳಾಗುತ್ತವೆ. ಮೊದಲ ಯಂತ್ರವನ್ನು ಕೊಂಡರೆ ಆ ವರ್ಷದ ಒಟ್ಟು ಖರ್ಚು 34,000 ರೂಪಾಯಿ. ಎರಡನೆಯದನ್ನು ಕೊಂಡರೆ 16,000 ರೂಪಾಯಿ. ಯಂತ್ರಗಳ ಬೆಲೆಯಲ್ಲಿನ 9,000 ರೂಪಾಯಿಗಳ ಅಂತರವು 2,000 ಪುಟಗಳಿಗೆ, ಅಂದರೆ 100 ದಿನಗಳಿಗೆ ತೀರಿಹೋಗುತ್ತದೆ. ಅಗ್ಗವೆಂದು ಕೊಂಡ ಯಂತ್ರವು ಒಂದೇ ವರ್ಷದಲ್ಲಿ ಆ ಯುವಕನಿಂದ 18,000 ರೂಪಾಯಿಗಳನ್ನು ಹೆಚ್ಚಾಗಿ ಕಸಿಯುತ್ತದೆ. ಸಾಲದ ಕಂತು ಕಟ್ಟಬೇಕಾದವನಿಗೆ ಇದು ಚಿಕ್ಕ ಮೊತ್ತವಲ್ಲ.

ಹಾಗಾದರೆ ತೊಟ್ಟಿಯ ಯಂತ್ರವೇ ಎಲ್ಲರಿಗೂ ಶ್ರೇಷ್ಠವೇ? ಹಾಗಲ್ಲ. ನೆರೆಯ ಹುಮನಾಬಾದಿನ ಮನೆಯೊಂದರಲ್ಲಿ ಮಕ್ಕಳ ಪಾಠಕ್ಕಾಗಿ ವರ್ಷಕ್ಕೆ 200 ಪುಟಗಳು ಮಾತ್ರ ಸಾಕೆಂದಿರಲಿ. ಅದೇ 9,000 ರೂಪಾಯಿಗಳ ಅಂತರ ತೀರಲು ಅವರಿಗೆ 10 ವರ್ಷಗಳು ಬೇಕು. ಅಷ್ಟು ಕಾಲ ಯಂತ್ರ ಬಾಳುವುದೆಂಬ ಭರವಸೆಯಿಲ್ಲ. ಅಲ್ಲದೆ ಈ ಸೀಮೆಯ ಬೇಸಿಗೆಯ ಒಣಹವೆಯಲ್ಲಿ, ಬಹುಕಾಲ ಬಳಸದ ಯಂತ್ರದ ಸೂಕ್ಷ್ಮರಂಧ್ರಗಳಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ಅದನ್ನು ಶುಚಿಗೊಳಿಸಲು ಮತ್ತೆ ಶಾಯಿಯೇ ವ್ಯಯವಾಗುತ್ತದೆ. ಇಂತಹ ಮನೆಯವರು ಕಡಿಮೆ ಬೆಲೆಯ ಯಂತ್ರವನ್ನು ಕೊಳ್ಳುವುದು, ಅಥವಾ ಅಂಗಡಿಯಲ್ಲಿಯೇ ಅಚ್ಚುಹಾಕಿಸುವುದು ಲೇಸು.

ಆಯ್ಕೆಮಾಡುವವರು ಇನ್ನೂ ಕೆಲವು ಸಂಗತಿಗಳನ್ನು ಗಮನಿಸಬೇಕು. ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಪುಟಗಳ ಸಂಖ್ಯೆಯು ನಿಗದಿಯಾದ ಮಾದರಿ ಪುಟಗಳನ್ನು ಆಧರಿಸಿದ್ದು. ಪುಟದ ತುಂಬ ಭಾವಚಿತ್ರವಿದ್ದರೆ ಶಾಯಿ ಬಹುಬೇಗ ಮುಗಿಯುತ್ತದೆ. ಆ ಶಾಯಿಯು ಊರಿನಲ್ಲಿಯೇ ದೊರೆಯುವುದೋ, ಅದಕ್ಕಾಗಿ ಬೀದರಕ್ಕೋ ಕಲಬುರಗಿಗೋ ಹೋಗಬೇಕೋ ಎಂಬುದನ್ನೂ, ದುರಸ್ತಿಯ ಅನುಕೂಲವನ್ನೂ ವಿಚಾರಿಸಬೇಕು. ಬಣ್ಣ ಬೇಡವಾದ ಪುಟವನ್ನು ಕಪ್ಪು ಶಾಯಿಯಲ್ಲಿಯೇ ಅಚ್ಚುಮಾಡಬೇಕು. ಯಂತ್ರವನ್ನು ಅದರ ಗುಂಡಿಯಿಂದಲೇ ನಿಲ್ಲಿಸಿದರೆ ರಂಧ್ರಗಳಿಗೆ ಮುಚ್ಚಳ ಬಿದ್ದು ಶಾಯಿ ಬೇಗ ಒಣಗುವುದಿಲ್ಲ. ಗೋಡೆಯ ಸ್ವಿಚ್ಚನ್ನು ಥಟ್ಟನೆ ಆರಿಸುವುದು ಸರಿಯಲ್ಲ.

ಯಂತ್ರವನ್ನು ಕೊಳ್ಳುವುದು ಒಂದು ದಿನದ ಕೆಲಸ. ಅದಕ್ಕೆ ಶಾಯಿ ಒದಗಿಸುವುದು ವರ್ಷಗಳ ಹೊರೆ. ಯಂತ್ರದ ಬೆಲೆಯನ್ನು ಮಾತ್ರ ಕೇಳುವವನು ಅರ್ಧ ಲೆಕ್ಕ ಮಾಡಿದಂತೆ. ತನ್ನ ಅಗತ್ಯವೆಷ್ಟು, ಪುಟವೊಂದಕ್ಕೆ ಬೀಳುವ ಖರ್ಚೆಷ್ಟು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡವನೇ ಪೂರ್ಣ ಲೆಕ್ಕ ಮಾಡಿದವನು. ಕೊಳ್ಳುವ ವಸ್ತು ಯಾವುದೇ ಆಗಿರಲಿ, ಈ ವಿವೇಕವು ದುಡಿದ ಹಣವನ್ನು ಕಾಯುತ್ತದೆ.